ಹತ್ತೊಂಬತ್ತು ಗುಂಡಿನ ಸರ

ಅವ್ವನ ಕೊರಳಲ್ಲಿದ್ದ ಗುಂಡಿನ ಸರದಲ್ಲಿ ಎಷ್ಟು ಗುಂಡುಗಳಿದ್ದವೆಂದು ಅವಳು ಇರುವ ತನಕ ನಾವ್ಯಾರೂ ಎಣಿಸಿರಲಿಲ್ಲ. ಎಣಿಸಿದ್ದು ಅವಳು ಹೋದ ಮೇಲೆ. ದಿನಗಳೆಲ್ಲ ಮುಗಿದು, ಬಂದವರು ಹೋಗಿ, ಹುನಗುಂದದ ಮನೆಯ ಪಡಸಾಲೆಯಲ್ಲಿ ನಾವು ಮೂವರು ಅಕ್ಕ-ತಂಗಿಯರು ಉಳಿದಾಗ ಅಣ್ಣ ಆ ಸರವನ್ನು ತಂದು ನಡುವೆ ಇಟ್ಟ. ‘ಮೂರೂ ಮಂದಿ ಸಮ ಸಮ ಹಂಚಕೋರಿ’ ಎಂದು ಅವ್ವ ಹೇಳಿ ಹೋಗಿದ್ದಳು. ಇಳಕಲ್ಲಿನಿಂದ ಪರಿಚಯದ ಪತ್ತಾರರನ್ನೂ ಕರೆಸಿದ್ದೆವು. ಅವರು ಕನ್ನಡಕ ಏರಿಸಿ, ಕೆಂಪು ದಾರದ ಮೇಲೆ ಹೆಬ್ಬೆರಳಿನಿಂದ ಒಂದೊಂದೇ ಗುಂಡನ್ನು ದೂಡುತ್ತ ಎಣಿಸಿದರು.

‘ಹತ್ತೊಂಬತ್ತು ಅದಾವ್ರಿ ಅಕ್ಕಾರ.’

ಮೂವರಿಗೆ ಆರಾರು, ಉಳಿದದ್ದು ಒಂದು. ಆ ಒಂದು ಗುಂಡು ನಮ್ಮನ್ನು ಏನು ಮಾಡಿತೆಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಹಿರಿಯಳಿಗೆ ಸಲ್ಲಬೇಕು ಎಂದಳು ಅಕ್ಕ. ತನ್ನ ಮದುವೆಯಲ್ಲೇ ಎಲ್ಲಕ್ಕಿಂತ ಕಡಿಮೆ ಬಂಗಾರ ಹಾಕಿದ್ದು ಎಂದಳು ತಂಗಿ. ನಾನೇನು ಸುಮ್ಮನಿದ್ದೆನೇ? ‘ದವಾಖಾನಿ ಬಿಲ್ಲ ಕೊಟ್ಟಾಕಿ ನಾನು’ ಎಂದೆ. ಅಂದ ಮಾತು ನನ್ನ ಕಿವಿಗೇ ಕೆಟ್ಟದಾಗಿ ಕೇಳಿತು, ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಒಳಗೆ ವೈನಿ ಚಹಾ ಸೋಸುತ್ತಿದ್ದಳು.

ಒಂದನ್ನು ಮೂರು ತುಂಡು ಮಾಡಲಾದೀತೇ ಎಂದು ಕೇಳಿದ್ದಕ್ಕೆ ಪತ್ತಾರರು ನಕ್ಕರು. ಗುಂಡೆಂದರೆ ತೆಳುವಾದ ಬಂಗಾರದ ಹಾಳೆ, ಒಳಗೆಲ್ಲ ಅರಗು. ‘ಕೊಯ್ದ್ರ ಅರಗ ಹೊರಗ ಬರ್ತದ್ರಿ ತಾಯಿ, ಬಂಗಾರ ಎಷ್ಟಿತ್ತಂತ ಆವಾಗ ತಿಳೀತದ’ ಎಂದರು. ಮಾರಿ ರೊಕ್ಕ ಹಂಚಿಕೊಳ್ಳೋಣವೆಂದರೆ ತಂಗಿ ಅಳಲು ಶುರು ಮಾಡಿದಳು. ಕಡೆಗೆ ‘ಸದ್ಯಕ್ಕೆ’ ಎಂಬ ಮಾತಿನ ಮೇಲೆ ಸರ ಇಡಿಯಾಗಿ ನನ್ನ ಜೊತೆ ಬಾಗಲಕೋಟೆಗೆ ಬಂದು, ನವನಗರದ ನಮ್ಮ ಮನೆಯ ಕಪಾಟಿನೊಳಗೆ ಕೂತಿತು. ಅಕ್ಕ ಎರಡು ವರ್ಷ ನನ್ನೊಡನೆ ಮಾತಾಡಲಿಲ್ಲ.

ನಾನು ಇತಿಹಾಸದ ಟೀಚರಾಗಿದ್ದವಳು. ಹತ್ತನೆಯ ಇಯತ್ತೆಯಲ್ಲಿ ನನಗೆ ಗಣಿತಕ್ಕೆ ಬಿದ್ದದ್ದು 91. ಇತಿಹಾಸಕ್ಕೆ ಬಿದ್ದದ್ದು ಹೇಳುವಂಥದ್ದಲ್ಲ. ಆದರೂ ‘ಹೆಣ್ಣುಮಕ್ಕಳಿಗೆ ಲೆಕ್ಕ ಎದಕ್ಕ ಬೇಕು’ ಎಂದ ಅಪ್ಪ ಆರ್ಟ್ಸಿಗೆ ಹೆಸರು ಬರೆಸಿ ಬಂದ. ಆಮೇಲೆ ಚಾಲುಕ್ಯರೂ ರಾಷ್ಟ್ರಕೂಟರೂ ನನ್ನ ಅನ್ನವಾದರು. ಪ್ರತಿ ವರ್ಷ ಹುಡುಗಿಯರನ್ನು ಬಸ್ಸಿನಲ್ಲಿ ತುಂಬಿಕೊಂಡು ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಿಸುವುದು. ಪಟ್ಟದಕಲ್ಲಿನಲ್ಲಿ ಎಲ್ಲರೂ ವಿರೂಪಾಕ್ಷ ಗುಡಿಯ ಸುತ್ತಲೇ ನೆರೆಯುತ್ತಾರೆ. ಸ್ವಲ್ಪ ದೂರದಲ್ಲಿರುವ ರಾಷ್ಟ್ರಕೂಟರ ಕಾಲದ ಜೈನ ಬಸದಿಗೆ ಹೋಗುವವರು ಕಡಿಮೆ. ಅಲ್ಲಿ ನಿಂತು ಅಮೋಘವರ್ಷ ನೃಪತುಂಗನ ಬಗ್ಗೆ ಹೇಳುವಾಗ ಕವಿರಾಜಮಾರ್ಗದ ಜೊತೆಗೆ, ಅವನ ಕಾಲದಲ್ಲಿ ಮಹಾವೀರಾಚಾರ್ಯನೆಂಬ ಗಣಿತಜ್ಞನೂ ಇದ್ದ, ಸುಮಾರು 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಎಂದು ಒಂದು ಸಾಲು ಸೇರಿಸುತ್ತಿದ್ದೆ. ಪುಸ್ತಕವನ್ನು ಮಾತ್ರ ನೋಡಿರಲಿಲ್ಲ. ಇತಿಹಾಸದ ಟೀಚರುಗಳು ಹೀಗೆ ನೋಡದ ಎಷ್ಟೋ ಪುಸ್ತಕಗಳ ಹೆಸರು ಹೇಳಿಯೇ ಪಿಂಚಣಿ ತನಕ ಬಂದಿರುತ್ತೇವೆ.

ನೋಡಿದ್ದು ನಿವೃತ್ತಿಯ ನಂತರ. ಮದ್ರಾಸಿನಲ್ಲಿ 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದ್ದರು. ಕನ್ನಡಕ್ಕೆ ತಂದವರು ಒಬ್ಬ ಹೆಣ್ಣುಮಗಳು, ಮೈಸೂರಿನ ಗಣಿತದ ಪ್ರಾಧ್ಯಾಪಕಿ ಪದ್ಮಾವತಮ್ಮನವರು. 2000ದಲ್ಲಿ ಹೊಂಬುಜದಿಂದ ಅದು ಪ್ರಕಟವಾಯಿತು. ಪುಟ ತಿರುವುತ್ತಿದ್ದಂತೆ ಒಂದು ಲೆಕ್ಕದ ಹತ್ತಿರ ನನ್ನ ಬೆರಳು ನಿಂತಿತು. ಅದೂ ಒಂದು ಸರದ ಲೆಕ್ಕ!

ವಸಂತದ ರಾತ್ರಿ, ಗಂಡ-ಹೆಂಡತಿಯ ಸರಸದಲ್ಲಿ ಹೆಂಡತಿಯ ಮುತ್ತಿನ ಹಾರ ಹರಿಯಿತು. ಮೂರರಲ್ಲೊಂದು ಪಾಲು ಮುತ್ತು ದಾಸಿಯ ಕಡೆಗೆ ಉರುಳಿತು, ಆರರಲ್ಲೊಂದು ಪಾಲು ಹಾಸಿಗೆಯ ಮೇಲೆ ಬಿತ್ತು. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಅರ್ಧರ್ಧ ಅಲ್ಲಲ್ಲಿ ಚೆದುರಿತು. ದಾರದಲ್ಲಿ ಉಳಿದದ್ದು 1161. ಒಟ್ಟು ಮುತ್ತೆಷ್ಟು? ಮೂರರಲ್ಲೊಂದೂ ಆರರಲ್ಲೊಂದೂ ಸೇರಿದರೆ ಅರ್ಧ. ಉಳಿದ ಅರ್ಧವನ್ನು ಆರು ಸಲ ಅರ್ಧ ಮಾಡಿದರೆ ಇಡೀ ಹಾರದ 128ರಲ್ಲಿ ಒಂದು ಪಾಲು. 1161ನ್ನು 128ರಿಂದ ಗುಣಿಸಿ. 1,48,608. ಅಷ್ಟು ಮುತ್ತಿನ ಹಾರ ಹೊತ್ತ ಆ ತಾಯಿಯ ಕೊರಳು ಎಂಥದಿತ್ತೋ! ಆದರೆ ಲೆಕ್ಕ ಕಟ್ಟಿದವನ ಜಾಣತನ ನೋಡಿ, ಒಂದು ಮುತ್ತನ್ನೂ ಒಡೆಯಬೇಕಾಗಿ ಬರದಂಥ ಸಂಖ್ಯೆಯನ್ನು ಆರಿಸಿದ್ದಾನೆ. ನಮ್ಮವ್ವನಿಗೆ ಆ ಜಾಣತನ ಇರಲಿಲ್ಲವಲ್ಲ ಎಂದುಕೊಂಡೆ. ಆ ಮಾತನ್ನು ಮುಂದೆ ನುಂಗಬೇಕಾಯಿತು.

ಅದೇ ಪುಸ್ತಕದ ಗುಣಾಕಾರದ ಭಾಗದಲ್ಲಿ ಇನ್ನೊಂದು ಜಾತಿಯ ಸರಗಳಿವೆ. ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವ ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ಕೊರಳಿಗೆ ಹಾಕಿಕೊಂಡ ಸರ ಎರಡೂ ಕಡೆ ಒಂದೇ ತೆರನಾಗಿ ಇಳಿಬಿದ್ದಂತೆ. ಮಹಾವೀರ ಅವುಗಳನ್ನು ಕಂಠಾಭರಣಗಳೆಂದೇ ಕರೆಯುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 142857143ನ್ನು 7ರಿಂದ ಗುಣಿಸಿದರೆ 1000000001, ನಡುವೆ ಎಲ್ಲ ಸೊನ್ನೆ, ತುದಿಗೊಂದೊಂದು ಮಣಿ. 27994681ನ್ನು 441ರಿಂದ ಗುಣಿಸಿದರೆ 12345654321, ನಡುವೆ ಪದಕವಿಟ್ಟ ಹಾಗೆ ಏರಿ ಇಳಿಯುತ್ತದೆ. 11011011ನ್ನು ನನ್ನ ಆ ಹತ್ತನೆಯ ಇಯತ್ತೆಯ 91ರಿಂದ ಗುಣಿಸಿದರೆ 1002002001! ಬೇಳೆ ಬೇಯುವ ತನಕ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದೊಂದನ್ನೇ ಗುಣಿಸಿ ನೋಡಿದೆ. ಒಂದೂ ತಪ್ಪಲಿಲ್ಲ. ಬೇಳೆ ಮಾತ್ರ ತಳ ಹತ್ತಿತು.

ನನಗೆ ಹೆಚ್ಚು ಹಿಡಿಸಿದ್ದು ಬರೀ ಒಂದುಗಳ ಸರ. ನಮ್ಮ ಗುಂಡಿನ ಸರ ಇದ್ದ ಹಾಗೆಯೇ, ಎಲ್ಲ ಮಣಿಯೂ ಒಂದೇ. 152207ನ್ನು 73ರಿಂದ ಗುಣಿಸಿದರೆ 11111111, ಎಂಟು ಒಂದುಗಳು. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಅಂದರೆ ಎಂಟು ಮಣಿಯ ಸರವನ್ನು 73ರಿಂದ ಭಾಗಿಸಬಹುದು, ಒಂಬತ್ತು ಮಣಿಯದನ್ನು 9ರಿಂದ. ಹಾಗಾದರೆ ಹತ್ತೊಂಬತ್ತು ಮಣಿಯದನ್ನು?

ಇದು ನನ್ನ ಕುತೂಹಲವೋ, ಕಪಾಟಿನೊಳಗಿನ ಸರ ಮಾಡಿಸಿದ ಕೆಲಸವೋ ತಿಳಿಯದು. ಮಧ್ಯಾಹ್ನ ಕೂತು 1111111111111111111 ಎಂದು ಬರೆದೆ. ಮೂರರಿಂದ ಹೋಗುವುದಿಲ್ಲ, ಅಂಕಿಗಳ ಮೊತ್ತ 19. ಹನ್ನೊಂದರಿಂದಲೂ ಇಲ್ಲ, ಹನ್ನೊಂದಕ್ಕೆ ಒಂದುಗಳು ಜೋಡಿ ಜೋಡಿಯಾಗಿರಬೇಕು. 37ಕ್ಕೆ ಮೂರು ಮೂರರ ಗುಂಪು ಬೇಕು, 7ಕ್ಕೂ 13ಕ್ಕೂ ಆರಾರರ ಗುಂಪು ಬೇಕು, ಹತ್ತೊಂಬತ್ತರಲ್ಲಿ ಎಲ್ಲಕ್ಕೂ ಒಂದು ಉಳಿದುಬಿಡುತ್ತದೆ. ಇಲ್ಲೊಂದು ಸರಳವಾದ ವಿಷಯ ಹೊಳೆಯಿತು. ಮಣಿಗಳನ್ನು ಸಮ ಗುಂಪುಗಳಾಗಿ ಹಂಚಲು ಬಂದರೆ ಆ ಒಂದುಗಳ ಸಂಖ್ಯೆಯೂ ಒಡೆಯುತ್ತದೆ. ಆರು ಒಂದುಗಳನ್ನು ಎರಡೆರಡಾಗಿ ನೋಡಿದರೆ 11ರಿಂದ, ಮೂರು ಮೂರಾಗಿ ನೋಡಿದರೆ 111ರಿಂದ ಒಡೆಯುವ ಹಾಗೆ. ಮಣಿಗಳ ಎಣಿಕೆಯೇ ಅವಿಭಾಜ್ಯವಾಗಿದ್ದರೆ, ಅಂದರೆ ಒಂದರಿಂದಲೂ ತನ್ನಿಂದಲೂ ಹೊರತು ಬೇರೆ ಯಾವುದರಿಂದಲೂ ಭಾಗವಾಗದಿದ್ದರೆ, ಸರಕ್ಕೆ ಉಳಿಯುವ ದಾರಿಯೊಂದಿದೆ. ದಾರಿ ಮಾತ್ರ, ಖಾತ್ರಿಯಲ್ಲ. ಐದು ಒಂದುಗಳು 41 ಮತ್ತು 271 ಎಂದು ಒಡೆಯುತ್ತವೆ. ಏಳು ಒಂದುಗಳು 239 ಮತ್ತು 4649 ಎಂದು.

ಆಗ ರಜೆಗೆ ಬಂದಿದ್ದ ತಂಗಿಯ ಮಗಳು, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವಳು, ನನ್ನ ಕ್ಯಾಲೆಂಡರನ್ನು ನೋಡಿ ಕಣ್ಣರಳಿಸಿದಳು. ‘ದೊಡ್ಡವ್ವಾ, ಇದು ಪ್ರೈಮ್ ನಂಬರ್. ಹೆಸರಾದದ್ದು’ ಎಂದಳು. ಆ ಹತ್ತೊಂಬತ್ತು ಒಂದುಗಳು ಅವಿಭಾಜ್ಯವೆಂದು ಕೈಲೆಕ್ಕದಿಂದಲೇ ಸಿದ್ಧಪಡಿಸಿ 1918ರಲ್ಲಿ ಪ್ರಕಟಿಸಿದವನು ನ್ಯೂಯಾರ್ಕಿನ ಆಸ್ಕರ್ ಹೊಪ್ಪೆ ಎಂಬವನಂತೆ. ಕಂಪ್ಯೂಟರು ಹುಟ್ಟುವುದಕ್ಕೆ ಎಷ್ಟೋ ಮೊದಲು. ನೂರು ಕೋಟಿ ದಾಟುವ ತನಕದ ಭಾಜಕಗಳನ್ನು ಒಂದೊಂದಾಗಿ ಹಾಕಿ ನೋಡುತ್ತ ಕೂತರೆ ಆಯುಷ್ಯ ಸಾಲದು. ಅದಕ್ಕೆ ಒಂದು ಒಳದಾರಿಯಿದೆ ಎಂದು ಹುಡುಗಿ ತೋರಿಸಿದಳು. ಹತ್ತೊಂಬತ್ತು ಒಂದುಗಳನ್ನು ಯಾವುದಾದರೂ ಅವಿಭಾಜ್ಯ ಸಂಖ್ಯೆ ಒಡೆಯುವುದಾದರೆ, ಆ ಸಂಖ್ಯೆಯನ್ನು 19ರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು! ಐದರದನ್ನು ನೋಡಿ: 41ರಲ್ಲೂ 271ರಲ್ಲೂ ಐದರ ಭಾಗ ಹೋಗಿ ಒಂದು ಉಳಿಯುತ್ತದೆ. 239ರಲ್ಲಿ, 4649ರಲ್ಲಿ ಏಳರ ಭಾಗ ಹೋಗಿ ಒಂದು. ಮಹಾವೀರನ 73ರಲ್ಲಿ ಎಂಟರ ಭಾಗ ಹೋಗಿ ಒಂದು. ಹೀಗಾಗಿ ನಮ್ಮ ಸರಕ್ಕೆ ಮೊದಲು ಪರೀಕ್ಷಿಸಬೇಕಾದದ್ದು 191, ಆಮೇಲೆ 229, ಆಮೇಲೆ 419. ಈ ಮೂರನ್ನು ನಾನೇ ಕೈಯಾರೆ ಭಾಗಿಸಿ ನೋಡಿದೆ. ಹೋಗಲಿಲ್ಲ. ಮುಂದಿನದನ್ನು ಹೊಪ್ಪೆಗೆ ಬಿಟ್ಟೆ.

ಇನ್ನೊಂದು ಗುಣವನ್ನೂ ಹೇಳಿದಳು, ಅದು ನನ್ನ ಮನಸ್ಸಿನಲ್ಲಿ ಕೂತಿದೆ. ಒಂದನ್ನು 11ರಿಂದ ಭಾಗಿಸಿದರೆ 0.090909, ಎರಡೆರಡು ಅಂಕಿಗಳು ಮರಳಿ ಮರಳಿ ಬರುತ್ತವೆ. 37ರಿಂದ ಭಾಗಿಸಿದರೆ 0.027027, ಮೂರು ಮೂರು. ಈ ಹತ್ತೊಂಬತ್ತು ಒಂದುಗಳಿಂದ ಭಾಗಿಸಿದರೆ ಹದಿನೆಂಟು ಸೊನ್ನೆ, ಒಂದು ಒಂಬತ್ತು, ಮತ್ತೆ ಹದಿನೆಂಟು ಸೊನ್ನೆ, ಮತ್ತೆ ಒಂಬತ್ತು. ಹೀಗೆ ಸರಿಯಾಗಿ ಹತ್ತೊಂಬತ್ತು ಹೆಜ್ಜೆಗೊಮ್ಮೆ ಮರಳುವ ಅವಿಭಾಜ್ಯ ಸಂಖ್ಯೆ ಇಡೀ ಗಣಿತದಲ್ಲಿ ಇದೊಂದೇ. ಎಷ್ಟು ಹುಡುಕಿದರೂ ಇದಕ್ಕೆ ಜೊತೆ ಸಿಕ್ಕುವುದಿಲ್ಲ.

ಎರಡು ಒಂದುಗಳ 11 ಬಿಟ್ಟರೆ ಮೊದಲ ಒಡೆಯದ ಸರ ಇದೇ. ಮುಂದಿನದು 23 ಒಂದುಗಳದು. ಮಹಾವೀರ ಏಕ, ದಶ, ಶತ ಎಂದು ಹೊರಟು ಮಹಾಕ್ಷೋಭದ ತನಕ ಸಂಖ್ಯೆಯ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಅಂದರೆ ಈ ಎರಡೂ ಸರಗಳನ್ನು ಅವನ ಹೆಸರುಗಳಲ್ಲೇ ಪೂರ್ತಿಯಾಗಿ ಹೇಳಿ ಮುಗಿಸಬಹುದು. ಅದಾದ ಮೇಲೆ ಹೆಸರು ಸಾಲುವುದಿಲ್ಲ, ಮುಂದಿನ ಒಡೆಯದ ಸರಕ್ಕೆ 317 ಒಂದುಗಳು ಬೇಕು, ಅದರ ಮುಂದಿನದಕ್ಕೆ 1031. ಇವು ಸಿದ್ಧವಾಗಲು ಕಂಪ್ಯೂಟರ್ ಬರಬೇಕಾಯಿತು. 49,081 ಒಂದುಗಳದು ಒಡೆಯುವುದಿಲ್ಲವೆಂದು ಖಾತ್ರಿಯಾದದ್ದು 2022ರಲ್ಲಿ.

‘ಇದರಿಂದ ಯಾರಿಗೆ ಏನ ಉಪಯೋಗ?’ ಎಂದು ನಾನು ಟೀಚರಿನ ಹಳೆಯ ದನಿಯಲ್ಲಿ ಕೇಳಿದೆ. ಮೊಬೈಲಿನಲ್ಲಿ ರೊಕ್ಕ ಕಳಿಸುವಾಗ ನಡುದಾರಿಯಲ್ಲಿ ಕಳ್ಳರು ಓದದಂತೆ ಹಾಕುವ ಬೀಗಗಳಲ್ಲಿ ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಗಳಿಂದಲೇ ಆದದ್ದು ಎಂದಳು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಮಾತ್ರ ನೋಡಿ ಆ ಎರಡನ್ನೂ ಬಿಡಿಸುವುದು ಬಹು ಕಷ್ಟ. ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು 1977ರಲ್ಲಿ ಈ ಬೀಗ ಕಂಡುಹಿಡಿದರು. ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ಎಂದು ಅನುಮಾನಕ್ಕೆಡೆಯಿಲ್ಲದಂತೆ, ಸಾಕಷ್ಟು ಬೇಗ ಹೇಳುವ ವಿಧಾನವನ್ನು 2002ರಲ್ಲಿ ಕೊಟ್ಟವರು ನಮ್ಮ ಕಾನಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಅಮೆರಿಕದ ಲ್ಯೂಕ್ ಡ್ಯೂರಂಟ್ ಎಂಬವರು 2024ರ ಅಕ್ಟೋಬರಿನಲ್ಲಿ ಕಂಡುಹಿಡಿದ ಅವಿಭಾಜ್ಯ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆಯಂತೆ. ಬರೆಯುತ್ತ ಹೋದರೆ ಎಷ್ಟು ಕ್ಯಾಲೆಂಡರ್ ಬೇಕೋ! ಇಂಥವಕ್ಕೆ ಕೊನೆಯಿಲ್ಲವೆಂದು ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತೋರಿಸಿದ್ದಾನೆ.

ಹುಡುಗಿಗೆ ನಾನು ಈ ಲೆಕ್ಕಕ್ಕೆ ಯಾಕೆ ಕೂತೆ ಎಂಬುದು ತಿಳಿಯಿತೆಂದು ತೋರುತ್ತದೆ. ಮರುವಾರ ಐಹೊಳೆ ನೋಡಬೇಕೆಂದು ಕಾರು ತಂದಳು. ಏರಿ ಕೂತೆ. ಹಿಂದಿನ ಸೀಟಿನಲ್ಲಿ ಅಕ್ಕ ಕೂತಿದ್ದಳು! ಅಕ್ಕನಿಗೂ ನಾನು ಬರುವುದನ್ನು ಹೇಳಿರಲಿಲ್ಲವಂತೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಆಚೆ ಜೋಳದ ಹೊಲಗಳನ್ನು ನೋಡಿದಳು, ನಾನು ಈ ಕಡೆಯವನ್ನು ನೋಡಿದೆ.

ಮೇಗುತಿ ಗುಡ್ಡ ಹತ್ತುವಾಗ ಅಕ್ಕನ ಮೊಳಕಾಲು ನೋಯತೊಡಗಿತು. ಕೈ ಕೊಟ್ಟೆ. ಹಿಡಿದುಕೊಂಡಳು. ಗುಡಿಯ ಹೊರಗೋಡೆಯ ಮೇಲೆ ರವಿಕೀರ್ತಿಯ ಶಾಸನ, ಹತ್ತೊಂಬತ್ತು ಸಾಲು. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು, ತಾನು ಕಾಳಿದಾಸ ಭಾರವಿಯರಿಗೆ ಸಮನೆಂದು ಕವಿ ಹೇಳಿಕೊಂಡದ್ದು, ಇವೆಲ್ಲ ನನಗೆ ಬಾಯಿಪಾಠ. ಎಷ್ಟು ವರ್ಷ ಹೇಳಿದ್ದೆನೋ, ಅದರ ತೇದಿಯನ್ನು ಲೆಕ್ಕವಾಗಿ ನೋಡಿರಲಿಲ್ಲ. ಭಾರತ ಯುದ್ಧದಿಂದ 3735 ವರ್ಷ, ಶಕ 556. ಅಂಕಿಗಳಲ್ಲಿ ಬರೆದಿಲ್ಲ, ಪದ್ಯದ ಛಂದಸ್ಸಿಗೆ ಕೂಡುವಂತೆ ಬಿಡಿಬಿಡಿಯಾಗಿ ಮಾತಿನಲ್ಲಿ ಹೇಳಿದ್ದಾನೆ: ಮೂವತ್ತು, ಮೂರು ಸಾವಿರ, ಏಳು ನೂರು, ಐದು. ಕೂಡಿಸಿಕೊಳ್ಳುವುದು ಓದುವವರ ಕೆಲಸ. ಎರಡರ ನಡುವಿನ ಅಂತರ 3179, ಅದು 11 ಗುಣಿಸು 17 ಗುಣಿಸು 17. 556 ಎಂದರೆ ನಾಲ್ಕು 139, ಮಹಾವೀರನ ಮೊದಲ ಸರದ ಆ 139. ಇಂಗ್ಲಿಷ್ ವರ್ಷ 634, ಅದು ಎರಡು 317, ಒಡೆಯದ ಸರದ ಆ 317! ಇದರಲ್ಲಿ ಅರ್ಥವೇನೂ ಇಲ್ಲ, ಕಾಕತಾಳೀಯ. ಬಾದಾಮಿಯ ಬಂಡೆಯ ಮೇಲಿನ ಮೊದಲನೆಯ ಪುಲಕೇಶಿಯ ಶಕ 465ರಲ್ಲಿ, ಅಲ್ಲಿಯ ವೈಷ್ಣವ ಗುಹೆಯ ಮಂಗಳೇಶನ ಶಕ 500ರಲ್ಲಿ ಹುಡುಕಿದರೆ ಇಂಥದ್ದೇನೂ ಸಿಕ್ಕಲಿಲ್ಲ. ಆದರೂ ಗೋಡೆಯ ಮುಂದೆ ನಿಂತು ಇದನ್ನೆಲ್ಲ ಹೇಳುವಾಗ ನನ್ನ ದನಿ ಏರಿತ್ತು. ಅಕ್ಕ ನನ್ನನ್ನೇ ನೋಡಿದಳು.

‘ನಿನಗ ಲೆಕ್ಕಾನ ಓದಸಬೇಕಾಗಿತ್ತು’ ಎಂದಳು. ಎರಡು ವರ್ಷದ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಮಧ್ಯಾಹ್ನ ಊಟಕ್ಕೆ ಹುನಗುಂದಕ್ಕೇ ಹೋದೆವು. ವೈನಿ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಊಟಕ್ಕೆ ಕೂತವಳೇ, ಅಜ್ಜಿಯ ಸರದ ಹತ್ತೊಂಬತ್ತು ಮಣಿ ಹೇಗೆ ಯಾರಿಂದಲೂ ಭಾಗವಾಗದ್ದೆಂದು ಅತ್ತೆಗೆ ವಿವರಿಸತೊಡಗಿದಳು. ವೈನಿಯ ಕೈ ಕೊಣಮಿಗೆಯ ಹಿಟ್ಟಿನ ಮೇಲೆ ನಿಂತಿತು.

‘ಇಪ್ಪತ್ತೊಂದ ಇದ್ದೂವಲ್ಲ ಅವು’ ಎಂದಳು.

ನಾವಿಬ್ಬರೂ ತಲೆಯೆತ್ತಿದೆವು. ವೈನಿ ಸ್ವಲ್ಪ ಹಿಂಜರಿದು, ಕೇಳಿದ ಮೇಲೆ ಹೇಳಿದಳು. ಅವಳು ಮದುವೆಯಾಗಿ ಬಂದ ವರ್ಷ ನಾನು ಧಾರವಾಡಕ್ಕೆ ಬಿ.ಎಡ್.ಗೆ ಹೋಗುವುದಿತ್ತು. ಅಪ್ಪ ಫೀಗೆ ರೊಕ್ಕ ಇಲ್ಲವೆಂದಿದ್ದ. ಅವ್ವ ಹೊಸ ಸೊಸೆಯನ್ನು ಕರೆದುಕೊಂಡು, ಸೀರಿ ನೋಡಲಿಕ್ಕೆ ಎಂದು ಹೇಳಿ ಇಳಕಲ್ಲಿಗೆ ಹೋಗಿ, ಎರಡು ಗುಂಡು ಬಿಚ್ಚಿಸಿ ಮಾರಿ ಬಂದಿದ್ದಳು. ಮನೆಯಲ್ಲಿ ತೋರಿಸಲೆಂದು ಒಂದು ಅಗ್ಗದ ಖಣ. ‘ಯಾರಿಗೂ ಹೇಳಬ್ಯಾಡ ಅಂದಿದ್ರು. ಕಡೇ ಕಡೇಗೆ ಅವರಿಗೂ ನೆನಪಿರಲಿಲ್ಲ ಕಾಣಸ್ತದ. ಮೂರು ಹೆಣ್ಣಮಕ್ಕಳಿಗೆ ಏಳೇಳು ಅಂತ ಲೆಕ್ಕಾ ಹಾಕಿ ಇಟ್ಟಿದ್ರು ಅವರು.’

ಕುಂಟ ಲೆಕ್ಕ ಅವ್ವನದಾಗಿರಲಿಲ್ಲ. ಅಂದು ಪಡಸಾಲೆಯಲ್ಲಿ ದವಾಖಾನೆಯ ಬಿಲ್ಲಿನ ಮಾತನ್ನು ನಾನು ಆಡುವಾಗ ಈ ವೈನಿ ಒಳಗೆ ಚಹಾ ಸೋಸುತ್ತಿದ್ದಳು. ಕೇಳಿಸಿಕೊಂಡೂ ಸುಮ್ಮನಿದ್ದಳು. ಅವ್ವನ ಕೊನೆಯ ಮೂರು ವರ್ಷ ಅವಳ ತಲೆ ಬಾಚಿ, ಬಟ್ಟೆ ಬದಲಿಸಿ, ಉಣಿಸಿದವಳೂ ಇವಳೇ. ಗಂಟಲಲ್ಲಿ ರೊಟ್ಟಿ ಇಳಿಯಲಿಲ್ಲ. ನೀರು ಕುಡಿದು, ‘ಅಕ್ಕಾ, ನಿನಗ ಏಳು, ಸಣ್ಣಾಕಿಗೆ ಏಳು, ನನಗ ಐದು. ಹತ್ತೊಂಬತ್ತಕ್ಕ ಸರಿ ಆತು’ ಎಂದೆ.

ಅಕ್ಕ ಬೆರಳ ಗೆಣ್ಣುಗಳ ಮೇಲೆ ಒಂದು ಸಲ ಎಣಿಸಿದಳು, ಮತ್ತೊಂದು ಸಲ ಎಣಿಸಿದಳು. ಆಮೇಲೆ ಒಲೆಯ ಮುಂದೆ ಬೆನ್ನು ಮಾಡಿ ಕೂತು ರೊಟ್ಟಿ ತಿರುವುತ್ತಿದ್ದ ವೈನಿಯ ಕಡೆಗೆ ಗದ್ದದಿಂದ ತೋರಿಸಿ ಕೇಳಿದಳು:

‘ಮತ್ತ, ಇಕೀಗೆ?’

ಪತ್ತಾರರಿಗೆ ಇನ್ನೂ ಹೇಳಿ ಕಳಿಸಿಲ್ಲ.